ಪಾಯ್ಸನ್ ಐವಿ ಇಲ್ಲದ ಊರಿನಲ್ಲಿ ಮಗುವಿಗೆ ದದ್ದು ಬಂದಾಗ

ಜೂನ್ ತಿಂಗಳ ಕೊನೆಯ ಭಾನುವಾರ. ಕ್ರೋಯ್ಡನ್‌ನಲ್ಲಿ ವರ್ಷಕ್ಕೆ ಅಪರೂಪಕ್ಕೆ ಬರುವಂಥ ಬಿಸಿಲು. ಲಾಯ್ಡ್ ಪಾರ್ಕಿನ ಹುಲ್ಲಿನ ಮೇಲೆ ಚಾಪೆ ಹಾಸಿ, ಪುಳಿಯೋಗರೆ ಡಬ್ಬ ಬಿಚ್ಚಿ, ಏಳೆಂಟು ನಿಂಬೆಹಣ್ಣು ಹಿಂಡಿ ಪಾನಕ ಮಾಡಿದ್ದೆ. ಆರು ವರ್ಷದ ಮಗಳು ಪೊದೆಯ ಕಡೆ ಓಡುತ್ತಿದ್ದಳು, ಅವಳ ತೋಳು ಹಿಡಿದು ಎಳೆದು ಕೂರಿಸಿದೆ. ಅಷ್ಟೇ ನಡೆದದ್ದು.

ಮಂಗಳವಾರ ಸಂಜೆ ಸ್ನಾನ ಮಾಡಿಸುವಾಗ ನೋಡಿದರೆ, ಅವಳ ತೋಳಿನ ಮೇಲೆ ಸಾಲಾಗಿ ನಾಲ್ಕು ಉದ್ದನೆಯ ಕಲೆ. ಕೆಂಪಗೆ, ಅಲ್ಲಲ್ಲಿ ಸಣ್ಣ ಗುಳ್ಳೆ. ಊರಿನಿಂದ ಬಂದಿದ್ದ ಅತ್ತೆ "ಯಾವುದೋ ಹುಳ ಹರಿದಿದೆ" ಎಂದು ಅರಿಶಿನ ಹಚ್ಚಲು ಹೊರಟರು. ನಾನು ಫೋಟೋ ತೆಗೆದು ನ್ಯೂಜೆರ್ಸಿಯಲ್ಲಿರುವ ತಮ್ಮನಿಗೆ ಕಳಿಸಿದೆ. "ಅಕ್ಕ, ಇದು ಪಾಯ್ಸನ್ ಐವಿ ಥರಾನೇ ಇದೆ ನೋಡು" ಎಂದು ತಕ್ಷಣ ಉತ್ತರ ಬಂತು. ಬುಧವಾರ ಮಧ್ಯಾಹ್ನ ಶಾಲೆಯಿಂದ ಫೋನ್. ಮಗುವಿನ ತೋಳಿನ ಮೇಲೆ ಬೆರಳಿನ ಗುರುತಿನಂಥ ಕಲೆಗಳಿವೆ, ಹೇಗಾಯಿತು ಎಂದು ಸೌಮ್ಯವಾಗಿಯೇ ಕೇಳಿದರು. ಸೌಮ್ಯವಾಗಿ ಕೇಳಿದರೂ ನನ್ನ ಕೈ ನಡುಗಿತು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಆ ಪ್ರಶ್ನೆಯ ಭಾರ ಎಂಥದ್ದು ಎಂದು ನಾನು ವಿವರಿಸಬೇಕಿಲ್ಲ.

ಗುರುವಾರ ಜಿ.ಪಿ. ಮಗಳ ತೋಳು ನೋಡಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಬಿಸಿಲಿನಲ್ಲಿ ನಿಂಬೆಹಣ್ಣು ಹಿಂಡಿದ್ರಾ?"

ನಾವೆಲ್ಲ ಪೊದೆಯಲ್ಲಿ ವಿಷದ ಗಿಡ ಹುಡುಕುತ್ತಿದ್ದೆವು. ಕಾರಣ ನಮ್ಮ ಬುತ್ತಿಯಲ್ಲೇ ಇತ್ತು, ನನ್ನ ಕೈಯಲ್ಲೇ ಇತ್ತು. ನಿಂಬೆಯ ರಸ ಮೆತ್ತಿದ ಬೆರಳು ಅವಳ ತೋಳಿಗೆ ತಾಗಿದೆ, ಅದರ ಮೇಲೆ ಎರಡು ಗಂಟೆ ಬಿಸಿಲು ಬಿದ್ದಿದೆ. ಕಲೆ ಪೂರ್ತಿ ಮಾಯಲು ತಿಂಗಳುಗಳೇ ಹಿಡಿದವು.

ಈ ಬೇಸಿಗೆಯಲ್ಲಿ ನಿಮ್ಮ ಮನೆಯಲ್ಲೂ ಇಂಥ ಸಂಜೆಯೊಂದು ಬರಬಹುದು. ಬಂದರೆ ನೀವು ನನ್ನಷ್ಟು ಗಾಬರಿಯಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಪಾಯ್ಸನ್ ಐವಿ ವಿಷಯ

ಅಮೆರಿಕದ ಕಾರ್ಟೂನು, ಯೂಟ್ಯೂಬ್ ನೋಡುವ ನಮ್ಮ ಮಕ್ಕಳಿಗೆಲ್ಲ ಪಾಯ್ಸನ್ ಐವಿ ಗೊತ್ತು. ಆದರೆ ಅದು ಉತ್ತರ ಅಮೆರಿಕ ಮತ್ತು ಪೂರ್ವ ಏಷ್ಯಾದ ಗಿಡ. ಬ್ರಿಟನ್ನಿನ ಕಾಡಿನ ಗಿಡವಲ್ಲ. ಇಲ್ಲಿ ಗೋಡೆ, ಮರಗಳಿಗೆ ಹಬ್ಬಿಕೊಂಡಿರುವ ಹಸಿರು ಐವಿ ಬೇರೆಯೇ ಕುಟುಂಬದ ಬಳ್ಳಿ. ಅದರ ರಸವೂ ಕೆಲವರಿಗೆ ತುರಿಕೆ ತರಿಸುತ್ತದೆ, ತೋಟದಲ್ಲಿ ಕತ್ತರಿಸುವಾಗ ಗ್ಲೌಸ್ ಇರಲಿ. ಆದರೆ ಪಾರ್ಕಿನಲ್ಲಿ ಐವಿ ಕಂಡ ಕೂಡಲೇ ಮಗುವನ್ನು ಎತ್ತಿಕೊಂಡು ಓಡಬೇಕಿಲ್ಲ.

ಹಾಗೆಂದು ಪಾಯ್ಸನ್ ಐವಿಯನ್ನು ಪೂರ್ತಿ ಮರೆಯುವ ಹಾಗೂ ಇಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ಬೇಸಿಗೆ ರಜೆ ಎಂದರೆ ಅಮೆರಿಕದ ಅಣ್ಣನ ಮನೆ, ತಂಗಿಯ ಮನೆ. ಅಲ್ಲಿಗೆ ಹೋಗುವುದಿದ್ದರೆ ಇಷ್ಟು ನೆನಪಿಡಿ. ಒಂದು ತೊಟ್ಟಿಗೆ ಮೂರು ಎಲೆ, ನಡುವಿನ ಎಲೆಯ ತೊಟ್ಟು ಉಳಿದೆರಡಕ್ಕಿಂತ ಉದ್ದ, ಮುಳ್ಳಿಲ್ಲ. ನೆಲದ ಮೇಲೂ ಹರಡುತ್ತದೆ, ಮರಕ್ಕೂ ಹತ್ತುತ್ತದೆ. ನಮ್ಮ ಕ್ರೋಯ್ಡನ್‌ನ ಬ್ಲ್ಯಾಕ್‌ಬೆರಿ ಪೊದೆಗೂ ಮೂರೆಲೆಯ ಕೊಂಬೆಗಳಿರುತ್ತವೆ, ಆದರೆ ಅದಕ್ಕೆ ಮುಳ್ಳಿದೆ.

ಪಾಯ್ಸನ್ ಐವಿಯ ಅಂಟಿನಲ್ಲಿ ಉರುಶಿಯಾಲ್ ಎಂಬ ಎಣ್ಣೆ ಇರುತ್ತದೆ. ಅದು ಚರ್ಮಕ್ಕೆ ತಾಗಿ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಗುಳ್ಳೆ, ವಿಪರೀತ ತುರಿಕೆ ಶುರುವಾಗುತ್ತದೆ. ಮೊದಲ ಸಲ ತಾಗಿದವರಿಗೆ ಎರಡು ಮೂರು ವಾರ ತಡವಾಗಿಯೂ ಬರಬಹುದು. ಅಂದರೆ ಅಲ್ಲಿ ಮುಟ್ಟಿದ್ದಕ್ಕೆ ಇಲ್ಲಿ ವಾಪಸ್ ಬಂದ ಮೇಲೆ ದದ್ದು! ಗುಳ್ಳೆಯ ನೀರಿನಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ಹರಡುವುದು ಆ ಎಣ್ಣೆ. ಶೂ ಲೇಸು, ಬ್ಯಾಗು, ನಾಯಿಯ ಕೂದಲಿಗೆ ಅಂಟಿಕೊಂಡು ಬಂದರೂ ಅದರ ಶಕ್ತಿ ಬಹಳ ಕಾಲ ಉಳಿಯುತ್ತದೆ. ಆದ್ದರಿಂದ ಎಷ್ಟು ಬೇಗ ಸೋಪು ನೀರಿನಲ್ಲಿ ತೊಳೆಯುತ್ತೀರೋ ಅಷ್ಟು ಒಳ್ಳೆಯದು. ಒಣಗಿದ ಬಳ್ಳಿಯನ್ನು ಬೆಂಕಿಗೆ ಹಾಕಲೇಬಾರದು, ಹೊಗೆ ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೇ ಅಪಾಯ.

ಇದು ನಮಗೆ ತೀರಾ ಅಪರಿಚಿತ ವಿಷಯವಲ್ಲ. ಪಾಯ್ಸನ್ ಐವಿ, ಮಾವು, ಗೇರು ಮೂರೂ ಒಂದೇ ಸಸ್ಯ ಕುಟುಂಬ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಲಿಯುವುದು, ಮಾವಿನ ಸೊನೆ ತಾಗಿ ಬಾಯಿಯ ಸುತ್ತ ಹುಣ್ಣಾಗುವುದು ಕರಾವಳಿ, ಮಲೆನಾಡಿನವರಿಗೆ ಗೊತ್ತು. ಹಿಂದೆ ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ರಸವೂ ಇದೇ ಜಾತಿಯದು. ಅದರಿಂದ ಬಟ್ಟೆ ತೊಟ್ಟವರಿಗೇ ದದ್ದು ಬರುತ್ತಿತ್ತು. ಪಾಯ್ಸನ್ ಐವಿಗೆ ಒಮ್ಮೆ ಅಲರ್ಜಿಯಾದವರಿಗೆ ಮಾವಿನ ಸಿಪ್ಪೆಯೂ ಆಗದಿರಬಹುದು. ಅಂಥ ಮಕ್ಕಳಿಗೆ ಹಣ್ಣನ್ನು ಸಿಪ್ಪೆ ತೆಗೆದು ಹೆಚ್ಚಿ ಕೊಡಿ, ಸಿಪ್ಪೆ ಚೀಪುವುದು ಬೇಡ.

ಹಾಗಾದರೆ ಕ್ರೋಯ್ಡನ್‌ನಲ್ಲಿ ಯಾವುದಕ್ಕೆ ಹೆದರಬೇಕು?

ಹೆದರಬೇಕಿಲ್ಲ, ಗುರುತಿಸಿದರೆ ಸಾಕು. ನಮ್ಮ ಊರಿನಷ್ಟು ಹಸಿರಿರುವ ಬರೋಗಳು ಲಂಡನ್ನಿನಲ್ಲಿ ಕಡಿಮೆ. ಅಡಿಂಗ್ಟನ್ ಹಿಲ್ಸ್, ಸೆಲ್ಸ್‌ಡನ್ ವುಡ್, ಕೌಲ್ಸ್‌ಡನ್ ಕಡೆಯ ಫಾರ್ದಿಂಗ್ ಡೌನ್ಸ್, ಹ್ಯಾಪಿ ವ್ಯಾಲಿ, ಸೌತ್ ನಾರ್ವುಡ್ ಕಂಟ್ರಿ ಪಾರ್ಕ್, ವ್ಯಾಂಡಲ್ ಹೊಳೆಯ ದಂಡೆ. ಟ್ರಾಮ್ ಹತ್ತಿದರೆ ಅರ್ಧ ಗಂಟೆಯಲ್ಲಿ ಕಾಡು. ಈ ಜಾಗಗಳಲ್ಲಿ ಚರ್ಮಕ್ಕೆ ತೊಂದರೆ ಕೊಡುವವು ಮುಖ್ಯವಾಗಿ ಮೂರು. ನಾಲ್ಕನೆಯದು ನಮ್ಮ ಅಡಿಗೆಮನೆಯದು.

ಒಂದು: ನೆಟಲ್

ನಮ್ಮ ತುರಿಕೆ ಸೊಪ್ಪಿನ ಇಂಗ್ಲಿಷ್ ಬಂಧು. ಹೃದಯದಾಕಾರದ, ಅಂಚಿನಲ್ಲಿ ಗರಗಸದಂಥ ಹಲ್ಲಿರುವ ಎಲೆ, ಮೈತುಂಬ ಸಣ್ಣ ರೋಮ. ದಾರಿಯ ಬದಿ, ಹಳೆಯ ಬೇಲಿ, ಫುಟ್ಬಾಲ್ ಮೈದಾನದ ಅಂಚು, ಎಲ್ಲ ಕಡೆ ಇದೆ. ಮುಟ್ಟಿದ ಕೂಡಲೇ ಚುರ್ ಎನ್ನುತ್ತದೆ, ಗಂಧೆ ಏಳುತ್ತದೆ. ಬಹುಪಾಲು ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದಲ್ಲಿ ಇಳಿಯುತ್ತದೆ. ಊರಿನಲ್ಲಿ ನಸುಗುನ್ನಿ ಕಾಯಿ ಮೈಗೆ ತಾಗಿಸಿಕೊಂಡು ಬೆಳೆದವರಿಗೆ ಇದು ಏನೂ ಅಲ್ಲ.

ಇಲ್ಲಿನ ಮಕ್ಕಳು ಪಕ್ಕದಲ್ಲೇ ಬೆಳೆಯುವ ಡಾಕ್ ಎಲೆಯನ್ನು ಕಿತ್ತು ಉಜ್ಜಿಕೊಳ್ಳುತ್ತಾರೆ. ಅದು ಮದ್ದು ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ, ಆದರೆ ಅಳುವ ಮಗುವಿಗೆ ಒಂದು ಕೆಲಸ ಸಿಗುತ್ತದೆ. ಜೋರಾಗಿ ಉಜ್ಜದಿದ್ದರೆ ಸಾಕು. ಮನೆಗೆ ಬಂದು ಸೋಪು ನೀರಿನಲ್ಲಿ ತೊಳೆದು ತಣ್ಣೀರಿನ ಬಟ್ಟೆ ಇಡಿ.

ಎರಡು: ಜೈಂಟ್ ಹಾಗ್‌ವೀಡ್

ನಿಜವಾಗಿ ಎಚ್ಚರ ಬೇಕಾದದ್ದು ಇದಕ್ಕೆ. ಕಾಕಸಸ್ ಪರ್ವತ ಸೀಮೆಯ ಈ ಗಿಡವನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ಬ್ರಿಟನ್ನಿಗೆ ತಂದರು. ತೋಟ ದಾಟಿ ಹೊಳೆಗಳ ಉದ್ದಕ್ಕೂ ಹಬ್ಬಿತು. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ನೀರು ಅವನ್ನು ಹೊತ್ತು ಮುಂದೆ ಬಿಡುತ್ತದೆ. ಇದನ್ನು ಕಾಡು, ಹೊಳೆದಂಡೆಯಂಥ ಜಾಗದಲ್ಲಿ ನೆಡುವುದು ಕಾನೂನಿನ ಪ್ರಕಾರ ಅಪರಾಧ.

ಗುರುತಿಸುವುದು ಹೇಗೆ? ಕೊತ್ತಂಬರಿ ಗಿಡ ಹೂಬಿಟ್ಟದ್ದನ್ನು ನೆನಪಿಸಿಕೊಳ್ಳಿ. ಬಿಳಿಯ ಸಣ್ಣ ಹೂಗಳು ಛತ್ರಿಯಂತೆ ಬಿಚ್ಚಿಕೊಳ್ಳುತ್ತವಲ್ಲ? ಹಾಗ್‌ವೀಡ್ ಅದೇ ಕುಟುಂಬ. ಆದರೆ ಎತ್ತರ 3 ಮೀಟರ್ ದಾಟುತ್ತದೆ, 5 ಮೀಟರ್ ಮುಟ್ಟುವುದೂ ಉಂಟು. ಎಲೆ ಒಂದು ಮೀಟರಿಗೂ ಅಗಲ, ಅಂಚು ಚೂಪು. ದಪ್ಪ ಕಾಂಡದ ಮೇಲೆ ನೇರಳೆ ಮಚ್ಚೆ, ಒರಟು ರೋಮ. ಹೂಬಿಡುವುದು ಜೂನ್, ಜುಲೈನಲ್ಲಿ, ಅಂದರೆ ಸರಿಯಾಗಿ ಮಕ್ಕಳು ಹೊರಗಿರುವ ಸಮಯದಲ್ಲಿ.

ಇದರ ತಮ್ಮನಂತಿರುವ ಸಾಧಾರಣ ಹಾಗ್‌ವೀಡ್ ಎಲ್ಲ ಹೊಲದಂಚಿನಲ್ಲೂ ಇದೆ, ಆಳುದ್ದ ಬೆಳೆಯುತ್ತದೆ. ಅದರ ರಸವೂ ಸುಡುತ್ತದೆ, ಆದರೆ ಅಷ್ಟು ತೀವ್ರವಲ್ಲ. ಎರಡನ್ನೂ ಅಳೆದು ನೋಡಿ ಬೇರ್ಪಡಿಸುವ ಕೆಲಸ ಮಕ್ಕಳಿಗೆ ಬೇಡ. ಅವರಿಗೆ ಒಂದೇ ಮಾತು ಹೇಳಿಕೊಡಿ: ಬಿಳಿ ಛತ್ರಿಯ ಗಿಡ ನೋಡು, ಮುಟ್ಟಬೇಡ. ತಿಂದರೆ ಪ್ರಾಣಕ್ಕೇ ಅಪಾಯ ತರುವ ಹೆಮ್ಲಾಕ್ ಕೂಡ ಇದೇ ಛತ್ರಿ ಕುಟುಂಬದ್ದು. ಹಾಗಾಗಿ ಈ ಒಂದು ಮಾತು ಎರಡು ಕೆಲಸ ಮಾಡುತ್ತದೆ.

ಮಕ್ಕಳು ಸಿಕ್ಕಿಬೀಳುವುದು ಸಾಮಾನ್ಯವಾಗಿ ಕಾಂಡದಿಂದ. ಒಳಗೆ ಟೊಳ್ಳು, ಕತ್ತಿಗೂ ಆಗುತ್ತದೆ, ಊದುಗೊಳವೆಗೂ ಆಗುತ್ತದೆ, ದುರ್ಬೀನಿಗೂ ಆಗುತ್ತದೆ. ತುಟಿಗೆ, ಕಣ್ಣಿಗೆ ಇಟ್ಟುಕೊಳ್ಳುತ್ತಾರೆ. 2015ರ ಬೇಸಿಗೆಯಲ್ಲಿ ಬ್ರಿಟನ್ನಿನ ಬೇರೆ ಬೇರೆ ಕಡೆ ಮಕ್ಕಳಿಗೆ ಹೀಗೆ ಸುಟ್ಟಗಾಯಗಳಾಗಿ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು.

ಇದು ಅಲರ್ಜಿ ಅಲ್ಲ ಎಂಬುದನ್ನು ಗಮನಿಸಿ. ಪಾಯ್ಸನ್ ಐವಿ ಕೆಲವರಿಗೆ ಏನೂ ಮಾಡದೆ ಬಿಡಬಹುದು. ಹಾಗ್‌ವೀಡ್ ರಸದಲ್ಲಿರುವ ರಾಸಾಯನಿಕ ಯಾರ ಚರ್ಮವಾದರೂ ಬಿಸಿಲಿನ ಎದುರು ನಿಸ್ಸಹಾಯಕವಾಗುವಂತೆ ಮಾಡುತ್ತದೆ. ರಸ ಮಾತ್ರ ತಾಗಿದರೆ ನೋವಿಲ್ಲ, ಆದ್ದರಿಂದ ಮಗು ಹೇಳುವುದಿಲ್ಲ. ಆಮೇಲೆ ಬಿಸಿಲು ಬೀಳುತ್ತದೆ, ಒಂದೆರಡು ದಿನದಲ್ಲಿ ಕೆಂಪಾಗಿ ದೊಡ್ಡ ಬೊಬ್ಬೆಗಳೇಳುತ್ತವೆ. ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಆ ಜಾಗ ವರ್ಷಗಳವರೆಗೆ ಬಿಸಿಲಿಗೆ ಸೂಕ್ಷ್ಮವಾಗಿರಬಹುದು. ಮೋಡವಿದ್ದರೆ ಪರವಾಗಿಲ್ಲ ಅನ್ನಬೇಡಿ. ಇದಕ್ಕೆ ಕಾರಣವಾದ ಅತಿನೇರಳೆ ಕಿರಣ ಲಂಡನ್ನಿನ ಮೋಡವನ್ನೂ ದಾಟಿ ಬರುತ್ತದೆ.

ನಮ್ಮ ಆಯುರ್ವೇದಕ್ಕೆ ಈ ಗುಣ ಮೊದಲಿನಿಂದಲೂ ಗೊತ್ತು. ತೊನ್ನಿನ ಕಲೆಗೆ ಬಾವಂಚಿ ಬೀಜದ ಮದ್ದು ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದುದು ಇದೇ ಗುಣವನ್ನು ನಂಬಿ. ಆಧುನಿಕ ವೈದ್ಯರು ಬಳಸುವ ಸೋರಲೆನ್ ಎಂಬ ಹೆಸರು ಬಂದಿರುವುದೂ ಬಾವಂಚಿಯ ಸಸ್ಯಶಾಸ್ತ್ರದ ಹೆಸರಿನಿಂದಲೇ. ವೈದ್ಯರು ಅಳೆದು ಕೊಟ್ಟರೆ ಮದ್ದು, ಹೊಳೆದಂಡೆಯಲ್ಲಿ ಅಳತೆಯಿಲ್ಲದೆ ತಾಗಿದರೆ ಸುಟ್ಟಗಾಯ.

ಮೂರು: ಓಕ್ ಮರದ ಕಂಬಳಿಹುಳು

ಕಂಬಳಿಹುಳು ಗೊತ್ತಿಲ್ಲದ ಕನ್ನಡಿಗರಿಲ್ಲ. ಇಲ್ಲಿಯ ಕಂಬಳಿಹುಳುವಿನ ಹೆಸರು ಓಕ್ ಪ್ರೊಸೆಷನರಿ ಮಾತ್. ಹೆಸರೇ ಹೇಳುವಂತೆ ಮೆರವಣಿಗೆ ಹೊರಟಂತೆ ಒಂದರ ಹಿಂದೆ ಒಂದು ಸಾಲಾಗಿ ಓಕ್ ಮರದ ಮೇಲೆ ಸಾಗುತ್ತವೆ. ದಕ್ಷಿಣ ಯೂರೋಪಿನ ಈ ಹುಳು ಲಂಡನ್ನಿನಲ್ಲಿ ಮೊದಲು ಕಂಡದ್ದು 2006ರಲ್ಲಿ. ಯೂರೋಪಿನಿಂದ ತರಿಸಿದ ಓಕ್ ಗಿಡಗಳ ಜೊತೆ ಬಂದಿತ್ತು. ಇಂದು ಕ್ರೋಯ್ಡನ್ ಸೇರಿ ಇಡೀ ಗ್ರೇಟರ್ ಲಂಡನ್ ಅದು ನೆಲೆಯೂರಿದ ವಲಯ.

ಏಪ್ರಿಲ್‌ನಿಂದ ಜುಲೈವರೆಗೆ ಎಚ್ಚರವಿರಲಿ. ಓಕ್ ಮರದ ಕಾಂಡ, ಕೊಂಬೆಗೆ ಅಂಟಿಕೊಂಡ ಬಿಳಿ ರೇಷ್ಮೆಯಂಥ ಗೂಡು ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹುಳು ಹೋದ ಮೇಲೂ ಗೂಡಿನಲ್ಲಿ ರೋಮ ಉಳಿದಿರುತ್ತದೆ. ಗಾಳಿಗೆ ಕೆಳಗೆ ಬಿದ್ದ ಗೂಡನ್ನು ಹಕ್ಕಿಗೂಡೆಂದು ಮಕ್ಕಳು ಎತ್ತಿಕೊಂಡರೆ ಕಷ್ಟ. ರೋಮ ತಾಗಿ ಚರ್ಮಕ್ಕೆ ದದ್ದು, ಕಣ್ಣುರಿ, ಗಂಟಲು ನೋವು ಬರುತ್ತದೆ. ಅಪರೂಪಕ್ಕೆ ಉಸಿರಾಟಕ್ಕೂ ತೊಂದರೆಯಾಗುತ್ತದೆ. ಅಸ್ತಮಾ ಇರುವ ಮಕ್ಕಳ ಬಗ್ಗೆ ಹೆಚ್ಚು ಜಾಗ್ರತೆ ಬೇಕು. ಓಕ್ ಮರದ ನೆರಳಿನಲ್ಲಿ ಚಾಪೆ ಹಾಸುವ ಮುಂಚೆ ಒಮ್ಮೆ ತಲೆಯೆತ್ತಿ ನೋಡಿ. ಗೂಡು ಕಂಡರೆ ಮುಟ್ಟದೆ, ಕಡ್ಡಿಯಿಂದ ಕೆದಕದೆ, ಫಾರೆಸ್ಟ್ರಿ ಕಮಿಷನ್‌ಗೆ 'ಟ್ರೀ ಅಲರ್ಟ್' ಮೂಲಕ ತಿಳಿಸಿ.

ನಾಲ್ಕು: ನಮ್ಮದೇ ನಿಂಬೆ

ನಿಂಬೆಯ ಸಿಪ್ಪೆ ಮತ್ತು ರಸದಲ್ಲಿ ಹಾಗ್‌ವೀಡಿನಲ್ಲಿರುವಂಥದ್ದೇ ಗುಂಪಿನ ರಾಸಾಯನಿಕಗಳಿವೆ. ಹಸಿರು ನಿಂಬೆಯಿಂದ ಈ ತೊಂದರೆ ಹೆಚ್ಚು ಕಾಣುತ್ತದೆ. ಲಂಡನ್ ರೋಡಿನ ನಮ್ಮ ಅಂಗಡಿಗಳಿಂದ ನಾವು ಬುಟ್ಟಿ ತುಂಬ ತರುವುದೂ ಅದನ್ನೇ. ಸೆಲರಿ, ಪಾರ್ಸ್‌ನಿಪ್ ಎಲೆ, ಅಂಜೂರದ ಹಾಲು ಕೂಡ ಹೀಗೆಯೇ. ಊರಿನ ನಾಗದಾಳಿ ಸೊಪ್ಪನ್ನು ಇಲ್ಲಿ ರೂ ಎಂದು ಗಾರ್ಡನ್ ಸೆಂಟರಿನಲ್ಲಿ ಮಾರುತ್ತಾರೆ. ಅದನ್ನು ಬಿಸಿಲಿನಲ್ಲಿ ಬರಿಗೈಯಲ್ಲಿ ಸವರಿದರೂ ಬೊಬ್ಬೆ ಬರಬಹುದು.

ಪಾನಕ ಬಿಡಬೇಕಿಲ್ಲ. ಮನೆಯಲ್ಲೇ ಹಿಂಡಿ ಬಾಟಲಿಯಲ್ಲಿ ತುಂಬಿಕೊಂಡು ಹೋಗಿ. ಪಾರ್ಕಿನಲ್ಲೇ ಹಿಂಡಿದರೆ ಕೈ ತೊಳೆಯದೆ ಮಗುವನ್ನು ಮುಟ್ಟಬೇಡಿ. ಮಗುವಿನ ಗಲ್ಲಕ್ಕೆ ಸುರಿದ ರಸವನ್ನೂ ಒದ್ದೆ ಬಟ್ಟೆಯಿಂದ ಒರೆಸಿಬಿಡಿ.

ಹೊರಡುವ ಮುಂಚೆ

ಮಕ್ಕಳಿಗೆ ತೆಳುವಾದ ಉದ್ದ ಪ್ಯಾಂಟ್, ಮುಚ್ಚಿದ ಶೂ. ಸೆಕೆ ಎಂದು ಗೊಣಗುತ್ತಾರೆ, ಕಾಡಿನ ದಾರಿ ಮುಗಿದ ಮೇಲೆ ಚಡ್ಡಿಗೆ ಬದಲಾಯಿಸಿದರಾಯಿತು. ಬ್ಯಾಗಿನಲ್ಲಿ ಒಂದು ದೊಡ್ಡ ಬಾಟಲಿ ಕುಡಿಯುವ ನೀರಲ್ಲದೆ ತೊಳೆಯುವ ನೀರು, ಸಣ್ಣ ಸೋಪು, ಹತ್ತಿ ಬಟ್ಟೆ, ಒಂದು ಉದ್ದ ತೋಳಿನ ಅಂಗಿ. ಈ ಅಂಗಿ ಯಾಕೆಂದರೆ, ರಸ ತಾಗಿದ ಜಾಗವನ್ನು ತೊಳೆದ ಕೂಡಲೇ ಬಿಸಿಲಿನಿಂದ ಮುಚ್ಚಬೇಕು.

ಸ್ಕೌಟ್ಸ್, ಡ್ಯೂಕ್ ಆಫ್ ಎಡಿನ್‌ಬರಾ ಅವಾರ್ಡ್ ಎಂದು ಟೆಂಟು ಹೊತ್ತು ಹೋಗುವ ದೊಡ್ಡ ಮಕ್ಕಳಿದ್ದರೆ ಅವರಿಗೆ ಈ ಗಿಡದ ಫೋಟೋ ತೋರಿಸಿ ಕಳಿಸಿ. ಅವರ ಜೊತೆ ನೀವಿರುವುದಿಲ್ಲ, ಗುರುತು ಇರಲಿ. ಮನೆಯ ಹಿಂದಿನ ತೋಟದಲ್ಲಿ ಸ್ಟ್ರಿಮ್ಮರ್ ಓಡಿಸುವ ಅಪ್ಪಂದಿರಿಗೂ ಒಂದು ಮಾತು: ಚಡ್ಡಿ ಬನಿಯನ್ನಿನಲ್ಲಿ ಕಳೆ ಕತ್ತರಿಸಬೇಡಿ. ಯಂತ್ರ ಗಿಡದ ರಸವನ್ನು ಮಂಜಿನಂತೆ ಕಾಲಿಗೆ ಎರಚುತ್ತದೆ.

ಮನೆಗೆ ಬಂದ ಮೇಲೆ ಬಟ್ಟೆ ನೇರ ವಾಷಿಂಗ್ ಮೆಷಿನ್ನಿಗೆ, ಮಕ್ಕಳು ನೇರ ಸ್ನಾನಕ್ಕೆ. ಹಾಗೆಯೇ ಮೊಣಕಾಲಿನ ಹಿಂದೆ, ಕಂಕುಳು, ಕಿವಿಯ ಹಿಂದೆ ಉಣುಗು ಕಚ್ಚಿದೆಯೇ ನೋಡಿ. ಮಂಗನ ಕಾಯಿಲೆಯ ಸೀಮೆಯಿಂದ ಬಂದವರಿಗೆ ಉಣುಗಿನ ಮಾತು ಬಿಡಿಸಿ ಹೇಳಬೇಕಿಲ್ಲ. ಇಲ್ಲಿಯ ಉಣುಗು ಲೈಮ್ ರೋಗ ತರಬಲ್ಲದು. ಕಚ್ಚಿದ ಕೆಲವು ವಾರಗಳಲ್ಲಿ ಸುತ್ತಲೂ ಹರಡುತ್ತಾ ಹೋಗುವ ದದ್ದು ಕಂಡರೆ, ತುರಿಕೆ ಇಲ್ಲದಿದ್ದರೂ, ಜಿ.ಪಿ.ಗೆ ತೋರಿಸಿ.

ತಾಗಿದ ಮೇಲೆ

ಮೊದಲ ಕೆಲಸ ತೊಳೆಯುವುದು. ಸೋಪು, ಧಾರಾಳ ನೀರು. ಉಜ್ಜಿ ತಿಕ್ಕುವುದು ಬೇಡ. ಹಾಗ್‌ವೀಡ್ ಅಥವಾ ನಿಂಬೆಯ ಸಂಶಯವಿದ್ದರೆ ಆ ಜಾಗವನ್ನು ಕನಿಷ್ಠ ಎರಡು ದಿನ ಬಟ್ಟೆಯಿಂದ ಮುಚ್ಚಿ ಬಿಸಿಲು ತಾಗದಂತೆ ನೋಡಿಕೊಳ್ಳಿ. ಏನೂ ಆಗಿಲ್ಲವಲ್ಲ ಎಂದು ಮರುದಿನ ಬಿಸಿಲಿಗೆ ಬಿಟ್ಟರೆ ಆಗಲೇ ಆಗುವುದು. ಕಣ್ಣಿಗೆ ತಾಗಿದ್ದರೆ ತುಂಬಾ ಹೊತ್ತು ನೀರು ಹಾಯಿಸಿ, ಅಂದೇ ವೈದ್ಯರ ಬಳಿ ಹೋಗಿ.

ಕಂಬಳಿಹುಳುವಿನ ರೋಮವಾದರೆ ತುರಿಸಲು ಬಿಡಬೇಡಿ, ರೋಮ ಇನ್ನೂ ಒಳಗೆ ಹೋಗುತ್ತದೆ. ಅಂಟು ಟೇಪನ್ನು ಮೆತ್ತಗೆ ಒತ್ತಿ ಎತ್ತಿ, ಆಮೇಲೆ ನೀರು ಹಾಯಿಸಿ.

ತುರಿಕೆಗೆ ತಣ್ಣೀರಿನ ಬಟ್ಟೆ, ಕ್ಯಾಲಮೈನ್ ಲೋಷನ್. ಮಕ್ಕಳಿಗೆ ಕೊಡುವ ಆಂಟಿಹಿಸ್ಟಮಿನ್ ಯಾವುದು, ಎಷ್ಟು ಎಂದು ಫಾರ್ಮಸಿಸ್ಟ್ ವಯಸ್ಸು ನೋಡಿ ಹೇಳುತ್ತಾರೆ. ಹೈಡ್ರೋಕಾರ್ಟಿಸೋನ್ ಕ್ರೀಮನ್ನು ವೈದ್ಯರು ಹೇಳದೆ ಹತ್ತು ವರ್ಷದೊಳಗಿನ ಮಕ್ಕಳಿಗೆ ಹಚ್ಚುವಂತಿಲ್ಲ, ಮುಖಕ್ಕಂತೂ ಬೇಡ. ಮನೆಯಲ್ಲಿ ದೊಡ್ಡವರಿಗೆ ತಂದದ್ದು ಇದೆಯಲ್ಲ ಎಂದು ಬಳಸಬೇಡಿ. ಗುಳ್ಳೆಗಳನ್ನು ಒಡೆಯಬೇಡಿ. ಉಗುರು ಗಿಡ್ಡ ಮಾಡಿಬಿಡಿ, ಅದು ಎಲ್ಲಕ್ಕಿಂತ ಅಗ್ಗದ ಮದ್ದು.

ಮನೆಮದ್ದಿನ ವಿಷಯ

ಇದು ಸ್ವಲ್ಪ ನಾಜೂಕು. ಊರಿನಿಂದ ಬಂದ ಅಮ್ಮನಿಗೋ ಅತ್ತೆಗೋ "ಅದೆಲ್ಲ ಬೇಡ" ಎಂದರೆ ಅವರ ಮುಖ ಸಣ್ಣದಾಗುತ್ತದೆ. ಆದರೆ ಮೂರು ವಿಷಯ ಮೊದಲೇ ಹೇಳಿಡಿ. ತುರಿಕೆಗೆ ನಿಂಬೆರಸ ಹಚ್ಚುವುದು ಖಂಡಿತ ಬೇಡ, ಯಾಕೆಂದು ಈಗ ನಿಮಗೆ ಗೊತ್ತು. ಸುಣ್ಣ ಹಚ್ಚುವುದೂ ಬೇಡ, ಮಕ್ಕಳ ಚರ್ಮವನ್ನು ಅದೇ ಸುಡುತ್ತದೆ. ತೊಳೆಯುವ ಮುಂಚೆ ಕೊಬ್ಬರಿ ಎಣ್ಣೆ ಸವರಿದರೆ ಅಂಟು ಇನ್ನಷ್ಟು ಜಾಗಕ್ಕೆ ಹರಡಬಹುದು. ಅರಿಶಿನ ವಿಷವಲ್ಲ, ಆದರೆ ಹಳದಿ ಬಳಿದ ಮೇಲೆ ದದ್ದಿನ ನಿಜವಾದ ಬಣ್ಣ ವೈದ್ಯರಿಗೆ ಕಾಣುವುದಿಲ್ಲ. ತೋರಿಸಿ ಬಂದ ಮೇಲೆ ನೋಡೋಣ ಅನ್ನಿ. ನಮ್ಮ ಅತ್ತೆಗೆ ನಾನು ಕೊಟ್ಟ ಕೆಲಸ, ರಾತ್ರಿ ಎರಡು ಸಲ ಎದ್ದು ತಣ್ಣೀರಿನ ಬಟ್ಟೆ ಬದಲಿಸುವುದು. ಮೊಮ್ಮಗಳಿಗೆ ಕತೆ ಹೇಳುತ್ತಾ ಅವರು ಅದನ್ನು ನನಗಿಂತ ಚೆನ್ನಾಗಿ ಮಾಡಿದರು.

ಯಾರನ್ನು ಕೇಳಬೇಕು?

ಸಣ್ಣ ದದ್ದಿಗೆ ಮೊದಲು ಫಾರ್ಮಸಿ. ಅಪಾಯಿಂಟ್‌ಮೆಂಟ್ ಬೇಡ, ದುಡ್ಡು ಬೇಡ, ಕರೆದುಕೊಂಡು ಹೋಗಿ ತೋರಿಸಬಹುದು. 2024ರ ಜನವರಿ ಕೊನೆಯಲ್ಲಿ ಆರಂಭವಾದ ಫಾರ್ಮಸಿ ಫಸ್ಟ್ ಯೋಜನೆಯಲ್ಲಿ, ಕೀಟ ಕಚ್ಚಿ ಸೋಂಕಾದಂಥ ಕೆಲವು ತೊಂದರೆಗಳಿಗೆ ಅವರೇ ಔಷಧ ಕೊಡುತ್ತಾರೆ.

ದದ್ದು ಮುಖಕ್ಕೆ, ಕಣ್ಣಿನ ಹತ್ತಿರಕ್ಕೆ, ಮರ್ಮಾಂಗಕ್ಕೆ ಬಂದಿದ್ದರೆ, ಬೊಬ್ಬೆ ದೊಡ್ಡದಿದ್ದರೆ, ಕೀವು, ಜ್ವರ ಇದ್ದರೆ, ಮಗು ನೋವಿನಿಂದ ಮಲಗದಿದ್ದರೆ ಜಿ.ಪಿ.ಗೆ ಅಥವಾ 111ಕ್ಕೆ ಫೋನ್ ಮಾಡಿ. ಅಜ್ಜಿ ತಾತ ಒಬ್ಬರೇ ಇದ್ದು ಫೋನ್ ಮಾಡಬೇಕಾದರೆ ದುಭಾಷಿ ಬೇಕೆಂದು ಕೇಳಬಹುದು. ಉಸಿರಾಟಕ್ಕೆ ಕಷ್ಟ, ತುಟಿ ನಾಲಿಗೆ ಊದುವುದು, ಮಗು ಮಂಕಾಗುವುದು ಕಂಡರೆ ತಡಮಾಡದೆ 999.

ಊರಿನಿಂದ ಬಂದಿರುವ ಹಿರಿಯರಿಗೇ ದದ್ದಾದರೆ? ಖರ್ಚಿಗೆ ಹೆದರಿ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ ವಿಸಿಟರ್ ವೀಸಾದವರಿಗೂ ಜಿ.ಪಿ. ನೋಡುವುದು, ತುರ್ತು ವಿಭಾಗದೊಳಗಿನ ಚಿಕಿತ್ಸೆ ಉಚಿತ. ಆಸ್ಪತ್ರೆಗೆ ದಾಖಲಾದ ಮೇಲಿನದ್ದಕ್ಕೆ ಹಣ ಕಟ್ಟಬೇಕಾಗುತ್ತದೆ. ಇದನ್ನು ಅವರಿಗೆ ಮೊದಲೇ ತಿಳಿಸಿಡಿ.

ನಮ್ಮ ಬಣ್ಣದ ಚರ್ಮ

ಪುಸ್ತಕದಲ್ಲಿ, ಪೋಸ್ಟರಿನಲ್ಲಿ ಕಾಣುವ ದದ್ದುಗಳು ಬಹುಪಾಲು ಬಿಳಿ ಚರ್ಮದವು. ನಮ್ಮ ಮಕ್ಕಳ ಚರ್ಮದ ಮೇಲೆ ಅದೇ ದದ್ದು ಅಷ್ಟು ಕೆಂಪಾಗಿ ಕಾಣದೆ ಕಂದು, ನೇರಳೆ, ಬೂದು ಬಣ್ಣಕ್ಕಿರಬಹುದು. ಕೆಂಪಾಗಿಲ್ಲ, ಆದ್ದರಿಂದ ಏನೂ ಇಲ್ಲ ಎಂದುಕೊಳ್ಳಬೇಡಿ. ಕೈಯಿಟ್ಟು ಬಿಸಿಯಿದೆಯೇ, ಊದಿದೆಯೇ ನೋಡಿ. ವಾಸಿಯಾದ ಮೇಲಿನ ಕಪ್ಪು ಕಲೆಯೂ ನಮ್ಮಲ್ಲಿ ಹೆಚ್ಚು ದಿನ ಉಳಿಯುತ್ತದೆ. ಬೆಳ್ಳಗಾಗುವ ಕ್ರೀಮುಗಳ ತಂಟೆಗೆ ಹೋಗದೆ, ಸನ್‌ಸ್ಕ್ರೀನ್ ಹಚ್ಚಿ ಕಾಯಿರಿ. ನಮ್ಮ ಬಣ್ಣಕ್ಕೆ ಸನ್‌ಸ್ಕ್ರೀನ್ ಯಾಕೆ ಅನ್ನುವುದು ಇಲ್ಲಿ ಸಲ್ಲದು. ಕಲೆಯಾದ ಜಾಗಕ್ಕೆ ಅದು ಬೇಕೇ ಬೇಕು.

ಶಾಲೆಯಿಂದ ಫೋನ್ ಬಂದರೆ

ಮಗುವಿನ ಮೈಮೇಲೆ ವಿವರಿಸಲಾಗದ ಕಲೆ ಕಂಡರೆ ಕೇಳುವುದು, ಬರೆದಿಡುವುದು ಇಂಗ್ಲೆಂಡಿನ ಶಾಲೆಗಳ ಕರ್ತವ್ಯ. ಅದು ನಮ್ಮ ಮೇಲಿನ ಆರೋಪವಲ್ಲ. ಎಲ್ಲ ಮಕ್ಕಳಿಗೂ ಅದೇ ನಿಯಮ. ಈ ಬಿಸಿಲು ಮತ್ತು ರಸದ ದದ್ದು ಬೆರಳಿನ ಗುರುತಿನಂತೆ, ಸುರಿದ ನೀರಿನ ಗೆರೆಯಂತೆ ಕಾಣುವುದರಿಂದ ಹೊಡೆತದ ಗುರುತೆಂದು ತಪ್ಪು ತಿಳಿದ ಪ್ರಸಂಗಗಳು ವೈದ್ಯಕೀಯ ಬರಹಗಳಲ್ಲೂ ದಾಖಲಾಗಿವೆ.

ಆದ್ದರಿಂದ ಅವರು ಕೇಳುವವರೆಗೆ ಕಾಯಬೇಡಿ. ಕಲೆ ಕಂಡ ದಿನವೇ ತಾರೀಖು ಸಹಿತ ಫೋಟೋ ತೆಗೆದಿಡಿ. ಎಲ್ಲಿಗೆ ಹೋಗಿದ್ದಿರಿ, ಏನು ಮುಟ್ಟಿದಳು ಎಂದು ನಾಲ್ಕು ಸಾಲು ಬರೆದು ಕ್ಲಾಸ್ ಟೀಚರಿಗೆ ಇಮೇಲ್ ಮಾಡಿ. ಜಿ.ಪಿ. ಏನೆಂದರು ಎಂಬುದನ್ನೂ ಸೇರಿಸಿ. ನಾನು ಹಾಗೆ ಮಾಡಿರಲಿಲ್ಲ. ಫೋನಿನಲ್ಲಿ ಗಾಬರಿಯಿಂದ ಒಮ್ಮೆ ಹುಳ ಎಂದೆ, ಒಮ್ಮೆ ಗಿಡ ಎಂದೆ, ಇನ್ನೊಮ್ಮೆ ಗೊತ್ತಿಲ್ಲ ಎಂದೆ. ಕೇಳಿದವರಿಗೆ ಸಂಶಯ ಬರದೆ ಇನ್ನೇನು? ಜಿ.ಪಿ. ಹೇಳಿದ್ದನ್ನು ಶುಕ್ರವಾರ ತಿಳಿಸಿದ ಮೇಲೆ ಆ ಟೀಚರ್ ಧನ್ಯವಾದ ಹೇಳಿದರು. "ನನಗೂ ಇದು ಗೊತ್ತಿರಲಿಲ್ಲ" ಎಂದರು.

ಮತ್ತೆ ಮರುಭಾನುವಾರ

ಇಷ್ಟೆಲ್ಲ ಓದಿ ಈ ಬೇಸಿಗೆ ಮನೆಯಲ್ಲೇ ಇರೋಣ ಎಂದುಕೊಳ್ಳಬೇಡಿ. ಮಕ್ಕಳಿಗೆ ಮಣ್ಣು, ಮರ, ಹೊಳೆ ಬೇಕು. ಗದ್ದೆಬದುವಿನಲ್ಲಿ ನಮಗೆ ಯಾವ ಗಿಡ ಮುಟ್ಟಬಾರದು ಎಂದು ಹಿರಿಯರು ತೋರಿಸಿಕೊಟ್ಟಿದ್ದರು. ಇಲ್ಲಿಯ ಗಿಡಗಳನ್ನು ಮಕ್ಕಳಿಗೆ ತೋರಿಸಿಕೊಡುವ ಹಿರಿಯರು ಈಗ ನಾವೇ. ನಾವೇ ಮೊದಲು ಕಲಿಯಬೇಕು, ಅಷ್ಟೇ.

ನಾವು ಮರುವಾರವೇ ಹೋದೆವು. ಮಗಳು ಉದ್ದ ತೋಳಿನ ಅಂಗಿ ಹಾಕಿಕೊಂಡು, ಕಂಡ ಕಂಡ ಬಿಳಿ ಹೂವಿಗೆಲ್ಲ ಬೆರಳು ತೋರಿಸಿ "ಅಜ್ಜಿ, ಛತ್ರಿ ಗಿಡ! ಮುಟ್ಟಬೇಡಿ!" ಎಂದು ಕೂಗುತ್ತಿದ್ದಳು. ಅತ್ತೆ ನಗುತ್ತಾ ಕೈ ಹಿಂದಕ್ಕೆ ಕಟ್ಟಿಕೊಂಡು ನಡೆದರು. ಪಾನಕವನ್ನು ಮನೆಯಲ್ಲೇ ಮಾಡಿ ಬಾಟಲಿಯಲ್ಲಿ ತಂದಿದ್ದೆ.